ಹೊಗೆ ಉಗುಳುವ, ನಡುಗುವ ಹಳೇ ಡೀಸೆಲ್ ಕಾರು: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಇಂಡಿಕಾ, ಕ್ವಾಲಿಸ್, ಸುಮೋ, ಬೊಲೆರೊ, ಹಳೇ ಸ್ವಿಫ್ಟ್ ಡೀಸೆಲ್ ಇಟ್ಟುಕೊಂಡವರು ಇನ್ನೂ ತುಂಬಾ ಜನ ಇದ್ದಾರೆ. ಅವರಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು. ಎಲ್ಲ ಉತ್ತರಗಳ ಹಿಂದೆ ಇರುವ ಮಾತು ಒಂದೇ: ಕಮ್ಮಿ ಖರ್ಚಿನ ಕಾರಣಗಳನ್ನು ಪೂರ್ತಿ ನೋಡಿ ಮುಗಿಸದೆ ದುಬಾರಿ ಕೆಲಸಕ್ಕೆ ಕೈ ಹಾಕಬೇಡಿ.

## ಶುರುವಿಗೆ

ಹೊಗೆ ಬಣ್ಣ ನೋಡಿ ಏನಾಗಿದೆ ಅಂತ ಹೇಳಬಹುದಾ?

ಅರ್ಧ ಹೇಳಬಹುದು. ಕಪ್ಪು ಹೊಗೆ ಬಂದರೆ ಒಳಗೆ ಹೋದ ಡೀಸೆಲ್‌ಗೆ ಸಾಕಾಗುವಷ್ಟು ಗಾಳಿ ಸಿಕ್ಕಿಲ್ಲ, ಅದು ಅರೆಬರೆ ಉರಿದು ಮಸಿಯಾಗಿ ಹೊರಗೆ ಬರುತ್ತಿದೆ. ಬಿಳಿ ಹೊಗೆ ಬಂದರೆ ಡೀಸೆಲ್ ಉರಿಯದೆ ಬರೀ ಆವಿಯಾಗಿ ಹೋಗುತ್ತಿದೆ, ಇಲ್ಲವೇ ಕೂಲೆಂಟ್ ಸಿಲಿಂಡರ್ ಒಳಗೆ ಸೋರುತ್ತಿದೆ. ನೀಲಿ ಹೊಗೆ ಇಂಜಿನ್ ಆಯಿಲ್‌ನದ್ದು.

ಬಣ್ಣದಷ್ಟೇ ಮುಖ್ಯವಾದದ್ದು ಹೊಗೆ ಯಾವಾಗ ಬರುತ್ತದೆ ಅನ್ನೋದು. ಬೆಳಿಗ್ಗೆ ಮಾತ್ರವೇ? ಏರು ಹತ್ತುವಾಗಲೇ? ಸಿಗ್ನಲ್‌ನಲ್ಲಿ ನಿಂತು ಹೊರಡುವಾಗಲೇ? ಡ್ರೈವರ್ ಸೀಟಿನಲ್ಲಿ ಕೂತವರಿಗೆ ಇದು ಸರಿಯಾಗಿ ಕಾಣುವುದಿಲ್ಲ. ಸ್ನೇಹಿತರೊಬ್ಬರನ್ನು ಹಿಂದಿನ ಗಾಡಿಯಲ್ಲಿ ಕೂರಿಸಿ, ಫೋನ್‌ನಲ್ಲಿ ವಿಡಿಯೋ ತೆಗೆಸಿಕೊಳ್ಳಿ. ಗ್ಯಾರೇಜಿಗೆ ಹೋದಾಗ ಆ ವಿಡಿಯೋ ನೀವು ಹೇಳುವ ಹತ್ತು ಮಾತಿಗಿಂತ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಹಳೇ ಡೀಸೆಲ್ ಗಾಡಿ ಅಂದ್ಮೇಲೆ ಸ್ವಲ್ಪ ಹೊಗೆ ಮಾಮೂಲಿ ಅಲ್ವಾ?

ಹಳೇ ಪಂಪಿನ (ಇಂಜಿನ್‌ಗೆ ಡೀಸೆಲ್ ಒತ್ತಿ ಕಳಿಸುವ ಮೆಕ್ಯಾನಿಕಲ್ ಪಂಪ್ ಇರುವ) ಗಾಡಿಯಲ್ಲಿ ಒಮ್ಮೆಲೇ ಜೋರಾಗಿ ಆಕ್ಸಿಲರೇಟರ್ ಒತ್ತಿದಾಗ ಒಂದು ಕ್ಷಣ ತೆಳುವಾದ ಬೂದು ಹೊಗೆ ಬರುವುದು ಮಾಮೂಲಿ. ಬಿಟ್ಟೂ ಬಿಡದೆ ಬರುವ ಕಪ್ಪು ಹೊಗೆ ಮಾಮೂಲಿ ಅಲ್ಲ. ಅದು ನೀವು ದುಡ್ಡು ಕೊಟ್ಟು ಹಾಕಿಸಿದ ಡೀಸೆಲ್ ಉರಿಯದೆ ಹೊರಗೆ ಹೋಗುತ್ತಿರುವುದು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಡೀಸೆಲ್ ಹೊಗೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ನಿಮ್ಮ ಸೈಲೆನ್ಸರ್ ಹಿಂದೆ ಸ್ಕೂಟರ್‌ನಲ್ಲಿ ಮಗುವನ್ನು ಕೂರಿಸಿಕೊಂಡು ನಿಂತಿರುವವರು ಅದನ್ನೇ ಉಸಿರಾಡುತ್ತಾರೆ. ಹಾಗಾಗಿ "ಓಡ್ತಾ ಇದೆಯಲ್ಲ, ಬಿಡು" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ನನ್ನ ಗಾಡಿ ಹಳೇ ಪಂಪಿನದ್ದಾ, ಕಾಮನ್ ರೈಲಿನದ್ದಾ ಗೊತ್ತಾಗೋದು ಹೇಗೆ?

ಬಾನೆಟ್ ಎತ್ತಿ ನೋಡಿ. ಪಂಪ್‌ನಿಂದ ಒಂದೊಂದು ನಾಜಲ್‌ಗೂ (ಇಂಜಿನ್ ಒಳಗೆ ಡೀಸೆಲ್ ಸಿಂಪಡಿಸುವ ಭಾಗ) ಬೇರೆ ಬೇರೆ ಸ್ಟೀಲ್ ಪೈಪ್ ಹೋಗಿದ್ದರೆ ಹಳೇ ಮೆಕ್ಯಾನಿಕಲ್ ಪಂಪ್. ಮೊದಲ ಇಂಡಿಕಾಗಳು, ಕ್ವಾಲಿಸ್, ಡೀಸೆಲ್ ಅಂಬಾಸಡರ್ ಎಲ್ಲ ಇದೇ ಜಾತಿ. ಪಂಪ್‌ನಿಂದ ಒಂದೇ ಪೈಪ್ ಒಂದು ದಪ್ಪ ಕೊಳವೆಗೆ ಹೋಗಿ, ಅಲ್ಲಿಂದ ನಾಲ್ಕು ಇಂಜೆಕ್ಟರ್‌ಗೆ ಹಂಚಿಕೆಯಾಗಿದ್ದರೆ, ಪ್ರತಿ ಇಂಜೆಕ್ಟರ್ ತಲೆಯ ಮೇಲೆ ವೈರ್ ಇದ್ದರೆ, ಅದು ಕಾಮನ್ ರೈಲ್. ಸ್ವಿಫ್ಟ್ ಡೀಸೆಲ್, ಇನ್ನೋವಾ ಈ ಗುಂಪಿನವು.

ಇದನ್ನು ಮೊದಲೇ ತಿಳಿದುಕೊಳ್ಳಲೇಬೇಕು. ಹಳೇ ಪಂಪಿನ ಗಾಡಿಯಲ್ಲಿ ನಾಜಲ್ ಸುಮಾರು 120ರಿಂದ 150 ಬಾರ್ ಒತ್ತಡಕ್ಕೆ ತೆರೆದುಕೊಳ್ಳುತ್ತದೆ. ನೇರವಾಗಿ ಪಿಸ್ಟನ್ ಮೇಲೆ ಸಿಂಪಡಿಸುವ ಇಂಜಿನ್‌ಗಳಲ್ಲಿ ಇನ್ನೂ ಜಾಸ್ತಿ. ಕಾಮನ್ ರೈಲ್‌ನಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತದೆ. ಆ ಪೈಪನ್ನು ಇಂಜಿನ್ ಓಡುವಾಗ ಸಡಿಲಿಸಿದರೆ ಡೀಸೆಲ್ ಚರ್ಮವನ್ನು ತೂರಿ ಒಳಗೆ ಹೋಗುತ್ತದೆ. ಹೊರಗಡೆ ಸಣ್ಣ ಚುಕ್ಕೆಯಷ್ಟು ಗಾಯ, ಒಳಗೆ ಬೆರಳನ್ನೇ ಕಳೆದುಕೊಳ್ಳುವಷ್ಟು ಹಾನಿ. ಹಾಗೇನಾದರೂ ಆದರೆ ನೋವಿಲ್ಲದಿದ್ದರೂ ತಕ್ಷಣ ಆಸ್ಪತ್ರೆಗೆ ಹೋಗಿ.

ಗ್ಯಾರೇಜಿಗೆ ಹೋದ ತಕ್ಷಣ "ಪಂಪ್ ಬಿಚ್ಚಬೇಕು" ಅಂತಾರೆ. ನಿಜವಾಗ್ಲೂ ಮೊದಲು ಏನು ನೋಡಬೇಕು?

ಪಂಪ್ ಕೊನೆಗೆ. ಮೊದಲು ಏರ್ ಫಿಲ್ಟರ್. ಮೆಟ್ರೋ ಕೆಲಸ ನಡೆಯುವ ರಸ್ತೆಗಳಲ್ಲಿ ದಿನಾ ಓಡಾಡುವ ಗಾಡಿಯ ಫಿಲ್ಟರ್ ಪುಸ್ತಕದಲ್ಲಿ ಬರೆದ ಕಿಲೋಮೀಟರ್‌ಗಿಂತ ಎಷ್ಟೋ ಮೊದಲೇ ಕಟ್ಟಿಕೊಂಡಿರುತ್ತದೆ. ಆಮೇಲೆ ಡೀಸೆಲ್ ಫಿಲ್ಟರ್, ಅದರ ತಳದಲ್ಲಿ ಸೇರಿದ ನೀರು. ನಂತರ ರಬ್ಬರ್ ಪೈಪುಗಳು, ಅವುಗಳ ಕ್ಲಾಂಪ್. ಆಮೇಲೆ ಹೀಟರ್ ಪ್ಲಗ್. ಅದಾದ ಮೇಲೆ ಟ್ಯಾಪೆಟ್ (ವಾಲ್ವ್‌ಗಳ ಗ್ಯಾಪ್), ಟೈಮಿಂಗ್ (ಡೀಸೆಲ್ ಸಿಂಪಡಿಸುವ ಸಮಯ), ನಾಜಲ್. ಕಂಪ್ರೆಷನ್ (ಸಿಲಿಂಡರ್ ಒಳಗೆ ಪಿಸ್ಟನ್ ಗಾಳಿಯನ್ನು ಒತ್ತಿದಾಗ ಬರುವ ಒತ್ತಡ) ನೋಡಿದ ನಂತರವೇ ಪಂಪ್.

ಇಲ್ಲಿ ಕಂಪ್ರೆಷನ್ ಅನ್ನು ಪಂಪ್‌ಗಿಂತ ಮುಂಚೆ ಇಟ್ಟಿರುವುದಕ್ಕೆ ಕಾರಣ ಇದೆ. ಪಿಸ್ಟನ್ ರಿಂಗ್ ಸವೆದು ಆ ಒತ್ತಡ ನಿಲ್ಲದ ಇಂಜಿನ್‌ಗೆ ಹೊಸ ಪಂಪ್ ಹಾಕಿದರೂ ಹೊಗೆ ನಿಲ್ಲುವುದಿಲ್ಲ. ಪಂಪ್ ಕೆಲಸದ ದುಡ್ಡು ಪೂರ್ತಿ ದಂಡ. ಅದಕ್ಕೇ ಪಂಪ್ ಬಿಚ್ಚುತ್ತೇನೆ ಅನ್ನುವವರಿಗೆ "ಕಂಪ್ರೆಷನ್ ಎಷ್ಟಿದೆ?" ಅಂತ ಮೊದಲು ಕೇಳಿ. ಅಳತೆ ಹೇಳಿದರೆ ಮುಂದುವರಿಸಿ. ಇಲ್ಲದಿದ್ದರೆ ಅಳೆಸಿ.

## ಬೆಳಿಗ್ಗೆಯ ತೊಂದರೆ, ಐಡ್ಲಿಂಗ್ ನಡುಕ

ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ಬಿಳಿ ಹೊಗೆ, ಗಡಗಡ ಅಂತ ನಡುಗುತ್ತೆ, ಎರಡು ನಿಮಿಷ ಆದ್ಮೇಲೆ ಸರಿ ಹೋಗುತ್ತೆ. ಯಾಕೆ?

ಹೆಚ್ಚಾಗಿ ಹೀಟರ್ ಪ್ಲಗ್. ಡೀಸೆಲ್ ಇಂಜಿನ್‌ನಲ್ಲಿ ಕಿಡಿ ಇಲ್ಲ. ಒತ್ತಿ ಕಾದ ಗಾಳಿಗೆ ಸಿಂಪಡಿಸಿದ ಡೀಸೆಲ್ ತಾನೇ ಹೊತ್ತಿಕೊಳ್ಳಬೇಕು. ಇಂಜಿನ್ ತಣ್ಣಗಿದ್ದಾಗ ಆ ಕಾವು ಸಾಲುವುದಿಲ್ಲ. ಅದನ್ನು ತುಂಬಿಕೊಡುವುದೇ ಹೀಟರ್ ಪ್ಲಗ್. ನಾಲ್ಕರಲ್ಲಿ ಒಂದು ಸತ್ತರೆ ಆ ಸಿಲಿಂಡರ್ ಕಾಯುವವರೆಗೆ ಮಿಸ್ಸಿಂಗ್ ಹೊಡೆಯುತ್ತದೆ (ಅಂದರೆ ಸರಿಯಾಗಿ ಉರಿಯುವುದಿಲ್ಲ), ಉರಿಯದ ಡೀಸೆಲ್ ಬಿಳಿ ಹೊಗೆಯಾಗಿ ಬರುತ್ತದೆ, ಕಣ್ಣು ಉರಿಯುತ್ತದೆ.

"ಬೆಂಗಳೂರಲ್ಲಿ ಅಷ್ಟೇನೂ ಚಳಿ ಇಲ್ಲ" ಅಂತ ಹಲವರು ಹೀಟರ್ ಪ್ಲಗ್ ಕಡೆ ನೋಡುವುದೇ ಇಲ್ಲ. ಡಿಸೆಂಬರ್, ಜನವರಿ ಬೆಳಿಗ್ಗೆ ಇಲ್ಲಿ 15 ಡಿಗ್ರಿ ಆಸುಪಾಸು ಇರುತ್ತದೆ. ಕಂಪ್ರೆಷನ್ ಸ್ವಲ್ಪ ಇಳಿದಿರುವ ಹಳೇ ಇಂಜಿನ್‌ಗೆ ಅಷ್ಟು ಚಳಿಯೇ ಜಾಸ್ತಿ.

ಪರೀಕ್ಷೆ ಸುಲಭ. ಪ್ಲಗ್‌ಗಳಿಗೆ ಕರೆಂಟ್ ಹಂಚುವ ಪಟ್ಟಿಯನ್ನು ಬಿಚ್ಚಿ. ಟೆಸ್ಟ್ ಲ್ಯಾಂಪಿನ ಒಂದು ತುದಿಯನ್ನು ಬ್ಯಾಟರಿಯ ಪಾಸಿಟಿವ್‌ಗೆ, ಇನ್ನೊಂದನ್ನು ಒಂದೊಂದೇ ಪ್ಲಗ್ ತಲೆಗೆ ಮುಟ್ಟಿಸಿ. ಬೆಳಗಿದರೆ ಪ್ಲಗ್ ಬದುಕಿದೆ. ಮಲ್ಟಿಮೀಟರ್ ಇದ್ದರೆ ಒಂದು ಓಮ್ ಆಸುಪಾಸು ತೋರಿಸಬೇಕು. ನಾಲ್ಕೂ ಸರಿ ಇದ್ದರೆ, ಕೀ ತಿರುಗಿಸಿದಾಗ ಪಟ್ಟಿಗೆ ಕರೆಂಟ್ ಬರುತ್ತಿದೆಯೇ ನೋಡಿ. ರಿಲೇ ಅಥವಾ ಫ್ಯೂಸ್ ಹೋಗಿರಬಹುದು. ಪ್ಲಗ್ ಬಿಚ್ಚುವಾಗ ಮಾತ್ರ ಅವಸರ ಬೇಡ. ವರ್ಷಗಟ್ಟಲೆ ಮಸಿ ಹಿಡಿದು ಕೂತ ಪ್ಲಗ್, ಇಂಜಿನ್ ಹೆಡ್ (ಸಿಲಿಂಡರ್‌ಗಳ ಮೇಲಿನ ಲೋಹದ ಮುಚ್ಚಳ) ಒಳಗೇ ಮುರಿದರೆ ಸಣ್ಣ ಕೆಲಸ ಹೆಡ್ ಇಳಿಸುವ ಕೆಲಸವಾಗುತ್ತದೆ. ಹಿಂದಿನ ದಿನವೇ ತುಕ್ಕು ಬಿಡಿಸುವ ಆಯಿಲ್ ಹೊಡೆದು, ಇಂಜಿನ್ ಬೆಚ್ಚಗಿರುವಾಗ ನಿಧಾನಕ್ಕೆ ತಿರುಗಿಸಿ.

ರಾತ್ರಿ ನಿಲ್ಸಿದ್ರೆ ಬೆಳಿಗ್ಗೆ ಒಂದ್ಸಲ ಸ್ಟಾರ್ಟ್ ಆಗಿ ಆಫ್ ಆಗುತ್ತೆ, ಆಮೇಲೆ ಎಷ್ಟು ಹೊಡೆದ್ರೂ ತಗೊಳಲ್ಲ. ಬ್ಯಾಟರಿ ಹೊಸದು.

ಇದು ಏರ್ ಹಿಡಿದಿರುವ ಲಕ್ಷಣ. ಪೈಪಿನಲ್ಲಿ ಎಲ್ಲೋ ಕೂದಲೆಳೆಯಷ್ಟು ಬಿರುಕು ಇದೆ. ಗಾಡಿ ನಿಂತಾಗ ಅದರಿಂದ ಗಾಳಿ ಒಳಗೆ ಬಂದು, ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿಯುತ್ತದೆ. ಪಂಪ್‌ನಲ್ಲಿ ಉಳಿದ ಚೂರು ಡೀಸೆಲ್‌ಗೆ ಇಂಜಿನ್ ಸ್ಟಾರ್ಟ್ ಆಗುತ್ತದೆ, ಅದು ಮುಗಿದಾಗ ನಿಲ್ಲುತ್ತದೆ.

ಇದನ್ನು ಕಂಡುಹಿಡಿಯುವುದು ಕಷ್ಟ ಅನ್ನಿಸುವುದು ಹೊರಗೆ ಡೀಸೆಲ್ ಸೋರದೇ ಇರುವುದರಿಂದ. ಪಂಪ್ ಎಳೆಯುವ ಕಡೆ ಇರುವ ಬಿರುಕು ಗಾಳಿಯನ್ನು ಒಳಗೆ ಬಿಡುತ್ತದೆ, ಡೀಸೆಲ್ ಹೊರಗೆ ಬಿಡುವುದಿಲ್ಲ. ಫಿಲ್ಟರ್‌ನಿಂದ ಪಂಪ್‌ಗೆ ಹೋಗುವ ಪೈಪಿನ ಜಾಗದಲ್ಲಿ ಡೀಸೆಲ್ ತಡೆಯುವ ಪಾರದರ್ಶಕ ಪೈಪ್ ತುಂಡು ಹಾಕಿ. ಇಂಜಿನ್ ಓಡುವಾಗ ಗುಳ್ಳೆಗಳು ಸಾಲಾಗಿ ಹೋಗುತ್ತಿದ್ದರೆ ಅನುಮಾನವೇ ಬೇಡ. ಅಲ್ಲಿಂದ ಹಿಂದಕ್ಕೆ ಒಂದೊಂದೇ ಜಾಯಿಂಟ್ ನೋಡುತ್ತಾ ಬನ್ನಿ: ಫಿಲ್ಟರ್‌ನ ರಬ್ಬರ್ ರಿಂಗ್, ಕೈಯಿಂದ ಒತ್ತುವ ಪ್ರೈಮರ್, ಟ್ಯಾಂಕಿನ ಮೇಲಿನ ಪೈಪ್. ನಾಜಲ್‌ನಿಂದ ನಾಜಲ್‌ಗೆ ಹೋಗುವ ಬಟ್ಟೆ ಸುತ್ತಿದ ಸಣ್ಣ ಓವರ್‌ಫ್ಲೋ ಪೈಪುಗಳನ್ನು ಮರೆಯಬೇಡಿ. ಮೀಟರ್ ಲೆಕ್ಕದಲ್ಲಿ ಸಿಗುವ ಅಗ್ಗದ ಪೈಪ್ ಅದು. ಹಳೆಯದಾಗಿದ್ದರೆ ಪರೀಕ್ಷೆ ಮಾಡುತ್ತಾ ಕೂರದೆ ಸುಮ್ನೆ ಎಲ್ಲವನ್ನೂ ಬದಲಾಯಿಸಿ.

ಕೆಲಸ ಮುಗಿದ ಮೇಲೆ ಏರ್ ತೆಗೆಯಬೇಕು. ಪ್ರೈಮರ್ ಗಟ್ಟಿಯಾಗುವವರೆಗೆ ಒತ್ತಿ, ಬ್ಲೀಡ್ ಸ್ಕ್ರೂ ಸಡಿಲಿಸಿ, ಗುಳ್ಳೆ ಇಲ್ಲದ ಡೀಸೆಲ್ ಬಂದಾಗ ಮುಚ್ಚಿ. ಸ್ಟಾರ್ಟರ್ ಅನ್ನು ಒಂದೇ ಸಮನೆ ಹೊಡೆದು ಏರ್ ತೆಗೆಯಲು ಹೋದರೆ ಸ್ಟಾರ್ಟರ್ ಮೋಟಾರ್ ಸುಡುತ್ತದೆ.

ಹೊಗೆ ಏನೂ ಇಲ್ಲ, ಆದ್ರೆ ಸಿಗ್ನಲ್‌ನಲ್ಲಿ ಸ್ಟೇರಿಂಗ್, ಸೀಟು ಎಲ್ಲಾ ನಡುಗುತ್ತೆ.

ಇಂಜಿನ್ ಮೌಂಟಿಂಗ್ ನೋಡಿಸಿ. ರಬ್ಬರ್ ಕುಸಿದಿದ್ದರೆ ಆರೋಗ್ಯವಾಗಿರುವ ಇಂಜಿನ್‌ನ ಮಾಮೂಲಿ ಅದುರುವಿಕೆಯೂ ಬಾಡಿಗೆ ಬರುತ್ತದೆ. ಸ್ವಲ್ಪ ರೇಸ್ ಕೊಟ್ಟಾಗ ನಡುಕ ಮಾಯವಾದರೆ ಐಡ್ಲಿಂಗ್ ವೇಗವೇ ಕಮ್ಮಿ ಇಟ್ಟಿರಬಹುದು.

ಒಂದು ಸಿಲಿಂಡರ್ ಮಿಸ್ಸಿಂಗ್ ಅಂತಾರೆ. ಯಾವುದು ಅಂತ ಕಂಡುಹಿಡಿಯೋದು ಹೇಗೆ?

ಹಳೇ ಪಂಪಿನ ಗಾಡಿಯಾದರೆ: ಐಡ್ಲಿಂಗ್‌ನಲ್ಲಿ ಬಿಟ್ಟು, ಕನ್ನಡಕ, ಗ್ಲೌಸ್ ಹಾಕಿಕೊಂಡು, ನಾಜಲ್ ಬಳಿಯ ಪೈಪಿನ ನಟ್ಟನ್ನು ಬಟ್ಟೆ ಸುತ್ತಿ ಅರ್ಧ ಸುತ್ತು ಸಡಿಲಿಸಿ. ಸರಿ ಇರುವ ಸಿಲಿಂಡರ್ ಆದರೆ ಇಂಜಿನ್ ಸದ್ದು ತಕ್ಷಣ ಬದಲಾಗುತ್ತದೆ, ನಡುಕ ಜಾಸ್ತಿಯಾಗುತ್ತದೆ. ಯಾವುದನ್ನು ಸಡಿಲಿಸಿದಾಗ ಏನೂ ವ್ಯತ್ಯಾಸ ಕಾಣುವುದಿಲ್ಲವೋ ಅದೇ ಕೆಲಸ ಮಾಡದ ಸಿಲಿಂಡರ್. ಒಂದನ್ನು ಸಡಿಲಿಸಿದಾಗ ಹೊಗೆಯೂ ನಿಂತರೆ, ಹೊಗೆ ಬರುತ್ತಿರುವುದು ಅಲ್ಲಿಂದಲೇ. ಆಮೇಲೆ ಆ ನಾಜಲನ್ನು ಪಕ್ಕದ ಸಿಲಿಂಡರ್‌ನದ್ದರ ಜೊತೆ ಅದಲುಬದಲು ಮಾಡಿ. ತೊಂದರೆ ನಾಜಲ್ ಜೊತೆ ಹೋದರೆ ನಾಜಲ್ ಕೆಟ್ಟಿದೆ. ಅಲ್ಲೇ ಉಳಿದರೆ ವಾಲ್ವ್ ಅಥವಾ ಕಂಪ್ರೆಷನ್ ಕಡೆ ನೋಡಬೇಕು.

ಕಾಮನ್ ರೈಲ್ ಗಾಡಿಯಲ್ಲಿ ಈ ಕೆಲಸ ಮಾಡಲೇಬಾರದು. ಅಲ್ಲಿ ಸ್ಕ್ಯಾನರ್ ಹಾಕಿ ಒಂದೊಂದು ಸಿಲಿಂಡರ್‌ಗೆ ಕಂಪ್ಯೂಟರ್ ಎಷ್ಟು ಡೀಸೆಲ್ ಸೇರಿಸುತ್ತಿದೆ, ಎಷ್ಟು ಕಡಿಮೆ ಮಾಡುತ್ತಿದೆ ನೋಡುತ್ತಾರೆ. ಇನ್ನೊಂದು ದಾರಿ, ಇಂಜೆಕ್ಟರ್‌ಗಳ ರಿಟರ್ನ್ ಪೈಪ್ ತೆಗೆದು ಒಂದೊಂದಕ್ಕೂ ಒಂದೊಂದು ಬಾಟಲಿ ಕಟ್ಟುವುದು. ಎಲ್ಲಕ್ಕಿಂತ ಬೇಗ ತುಂಬುವ ಬಾಟಲಿಯ ಇಂಜೆಕ್ಟರ್ ಒಳಗೆ ಸವೆದಿದೆ.

## ಕಪ್ಪು ಹೊಗೆ

ಫ್ಲೈಓವರ್ ಹತ್ತುವಾಗ ಪಿಕಪ್ ಇಲ್ಲ, ಹಿಂದೆ ಕಪ್ಪು ಮೋಡ. ಯಾಕೆ?

ಏರ್ ಫಿಲ್ಟರ್ ಹೊಸದು ಹಾಕಿದ ಮೇಲೂ ಹೀಗಿದ್ದರೆ, ಟರ್ಬೊ (ಇಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಭಾಗ) ಇರುವ ಗಾಡಿಯಲ್ಲಿ ಮೊದಲ ಅನುಮಾನ ಟರ್ಬೊದಿಂದ ಇಂಜಿನ್‌ಗೆ ಹೋಗುವ ರಬ್ಬರ್ ಹೋಸ್ ಮೇಲೆ. ಅದು ಸೀಳಿದ್ದರೆ ಒತ್ತಿದ ಗಾಳಿ ಹೊರಗೆ ಹೋಗುತ್ತದೆ, ಏರಿನಲ್ಲಿ "ಸುಸ್" ಅಂತ ಸದ್ದು ಕೇಳಿಸುತ್ತದೆ. ಬಿರುಕು ಹೆಚ್ಚಾಗಿ ಹೋಸ್‌ನ ಕೆಳಭಾಗದಲ್ಲಿರುತ್ತದೆ, ಮೇಲಿನಿಂದ ನೋಡಿದರೆ ಕಾಣದು. ಕೈ ಹಾಕಿ ತಡವಿ ನೋಡಿ. ಆಯಿಲ್ ಅಂಟಿದ ಜಾಗ ಸಿಕ್ಕಿದರೆ ಅಲ್ಲೇ ಇದೆ.

ಟರ್ಬೊ ಇಲ್ಲದ ಗಾಡಿಯಾದರೆ ನಾಜಲ್ ಸಿಂಪಡಿಸುವ ಬದಲು ಸುರಿಯುತ್ತಿರಬಹುದು, ಅಥವಾ ಪಂಪ್‌ನಲ್ಲಿ ಯಾರೋ ಡೀಸೆಲ್ ಜಾಸ್ತಿ ಇಟ್ಟಿರಬಹುದು. ಇದರ ಬಗ್ಗೆ ಮುಂದಿನ ಉತ್ತರದಲ್ಲಿ ಹೇಳಿದ್ದೇನೆ. ಬ್ರೇಕ್ ಹಿಡಿದುಕೊಂಡಿರುವ ಗಾಡಿಯೂ ಏರಿನಲ್ಲಿ ಹೀಗೇ ತಿಣುಕುತ್ತದೆ. ಸ್ವಲ್ಪ ದೂರ ಓಡಿಸಿ ನಿಲ್ಲಿಸಿ, ನಾಲ್ಕು ಚಕ್ರದ ಹತ್ತಿರವೂ ಮುಟ್ಟದೆ ಕೈ ಹಿಡಿದು ನೋಡಿ. ಒಂದು ಚಕ್ರ ಮಾತ್ರ ಕಾದಿದ್ದರೆ ಇಂಜಿನನ್ನು ಬಯ್ಯಬೇಡಿ.

ಮಂಗಳೂರಿಂದ ತಂದ ಗಾಡಿ. ಅಲ್ಲಿ ಸರಿ ಇತ್ತು, ಇಲ್ಲಿ ಹೊಗೆ ಜಾಸ್ತಿ. ಊರಿನ ಎತ್ತರದಿಂದಾನಾ?

ಸ್ವಲ್ಪ ಮಟ್ಟಿಗೆ ಹೌದು. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಸುಮಾರು ಹತ್ತನೇ ಒಂದು ಭಾಗ ಕಡಿಮೆ. ಟರ್ಬೊ ಇಲ್ಲದ, ಹಳೇ ಮೆಕ್ಯಾನಿಕಲ್ ಪಂಪಿನ ಗಾಡಿಗೆ ಇದು ಗೊತ್ತಾಗುವುದಿಲ್ಲ. ಪಂಪ್ ಅಲ್ಲಿ ಎಷ್ಟು ಡೀಸೆಲ್ ಕೊಡುತ್ತಿತ್ತೋ ಇಲ್ಲೂ ಅಷ್ಟೇ ಕೊಡುತ್ತದೆ. ಗಾಳಿ ಮಾತ್ರ ಕಮ್ಮಿ. ಕಾಮನ್ ರೈಲ್ ಗಾಡಿಗಳಲ್ಲಿ ಸೆನ್ಸರ್ ನೋಡಿ ಕಂಪ್ಯೂಟರ್ ಡೀಸೆಲ್ ಕಡಿಮೆ ಮಾಡುತ್ತದೆ, ಹಾಗಾಗಿ ವ್ಯತ್ಯಾಸ ಕಾಣುವುದಿಲ್ಲ.

ಆದರೆ ಎತ್ತರ ಒಂದರಿಂದಲೇ ದಟ್ಟ ಹೊಗೆ ಬರುವುದಿಲ್ಲ. ಹೆಚ್ಚಿನ ಸಲ ಶಿರಾಡಿ ಘಾಟಿ ಹತ್ತುವಾಗ ಪಿಕಪ್ ಸಾಲದು ಅಂತ ಯಾರೋ ಪಂಪ್ ಹಿಂದಿನ ಫುಲ್ ಲೋಡ್ ಸ್ಕ್ರೂವನ್ನು (ಹೆಚ್ಚೆಂದರೆ ಎಷ್ಟು ಡೀಸೆಲ್ ಹೋಗಬೇಕು ಅಂತ ನಿಗದಿ ಮಾಡುವ ಸ್ಕ್ರೂ) ಒಳಗೆ ತಿರುಗಿಸಿರುತ್ತಾರೆ. ಆ ಸ್ಕ್ರೂ ತಿರುಗಿಸಿದರೆ ನಿಜವಾಗಿಯೂ ಪಿಕಪ್ ಬರುತ್ತದೆ, ಅದಕ್ಕೇ ಮಾಲೀಕರು ಖುಷಿಯಾಗುತ್ತಾರೆ. ಜೊತೆಗೆ ಹೊಗೆ ಬರುತ್ತದೆ, ಮೈಲೇಜ್ ಇಳಿಯುತ್ತದೆ, ಪಿಸ್ಟನ್ ತಲೆ ಅತಿಯಾಗಿ ಕಾಯುತ್ತದೆ. ಸ್ಕ್ರೂ ಮೇಲಿನ ಸೀಲ್ ಒಡೆದಿದೆಯೇ, ಲಾಕ್‌ನಟ್ ಮೇಲೆ ಪಾನಾ ಗುರುತು ಇದೆಯೇ ನೋಡಿ. ಇದ್ದರೆ ಪಂಪ್ ಅಂಗಡಿಯ ಟೆಸ್ಟ್ ಬೆಂಚ್ ಮೇಲೆ ಕ್ಯಾಲಿಬ್ರೇಷನ್ ಮಾಡಿಸಿ. ಅಂದಾಜಿನ ಮೇಲೆ ವಾಪಸ್ ತಿರುಗಿಸುವುದು ಸರಿಯಾದ ರಿಪೇರಿ ಅಲ್ಲ.

ಇಜಿಆರ್ ಬ್ಲಾಕ್ ಮಾಡ್ಸಿದ್ರೆ ಹೊಗೆ ನಿಲ್ಲುತ್ತೆ ಅಂತಾರೆ. ಮಾಡಿಸ್ಲಾ?

ಬೇಡ. ಇಜಿಆರ್ ವಾಲ್ವ್ ಸುಟ್ಟ ಹೊಗೆಯ ಒಂದು ಪಾಲನ್ನು ವಾಪಸ್ ಇಂಜಿನ್‌ಗೆ ಕಳಿಸುತ್ತದೆ. ಮಸಿ ಕಟ್ಟಿ ತೆರೆದೇ ನಿಂತರೆ ಗಾಳಿಯ ಜಾಗದಲ್ಲಿ ಹೊಗೆಯೇ ತುಂಬಿ ಕಪ್ಪು ಹೊಗೆ, ನಡುಕ ಎರಡೂ ಶುರು. ಬ್ಲಾಕ್ ಮಾಡಿದರೆ ಕಣ್ಣಿಗೆ ಕಾಣುವ ಹೊಗೆ ಕಮ್ಮಿಯಾಗುವುದು ನಿಜ. ಕಣ್ಣಿಗೆ ಕಾಣದ ನೈಟ್ರೋಜನ್ ಆಕ್ಸೈಡ್‌ಗಳು ಏರುತ್ತವೆ. ಅವನ್ನು ತಗ್ಗಿಸಲೆಂದೇ ಆ ವಾಲ್ವ್ ಇಟ್ಟಿರುವುದು. ಬಿಚ್ಚಿ, ಕಾರ್ಬನ್ ಕ್ಲೀನರ್ ಹೊಡೆದು, ಬ್ರಷ್‌ನಿಂದ ಉಜ್ಜಿ, ವಾಲ್ವ್ ಸಲೀಸಾಗಿ ಆಡುತ್ತದೆಯೇ ನೋಡಿ. ಜೊತೆಗೆ ಇನ್‌ಟೇಕ್ ಮ್ಯಾನಿಫೋಲ್ಡ್ ಕೂಡ ತೆಗೆಸಿ ನೋಡಿ. ಟಾರ್‌ನಂತೆ ಮಸಿ ಅಂಟಿ ದಾರಿ ಕಿರಿದಾಗಿರುತ್ತದೆ.

ದಿನಾ ಟ್ರಾಫಿಕ್‌ನಲ್ಲೇ ಓಡಿಸ್ತೀನಿ. ಹೈವೇಗೆ ಹೋಗಿ ಒಂದ್ಸಲ ಎಳೆದ್ರೆ ಹೊಗೆ ಹೋಗುತ್ತಾ?

ಒಂದು ಮಟ್ಟಿಗೆ ಹೋಗುತ್ತದೆ. ಬಿಟಿಎಂನಿಂದ ಕೋರಮಂಗಲಕ್ಕೆ ಹೋಗಿ ಬರುವಷ್ಟರಲ್ಲಿ ಇಂಜಿನ್ ಪೂರ್ತಿ ಕಾಯುವುದೇ ಇಲ್ಲ, ನಾಜಲ್ ತುದಿಯಲ್ಲಿ, ಸೈಲೆನ್ಸರ್‌ನಲ್ಲಿ ಮಸಿ ಕೂರುತ್ತದೆ. ತುಮಕೂರು ರಸ್ತೆಯಲ್ಲೋ ಮೈಸೂರು ರಸ್ತೆಯಲ್ಲೋ, ವೇಗದ ಮಿತಿಯೊಳಗೇ, ಒಂದು ಗೇರ್ ಕೆಳಗೆ ಇಟ್ಟು ಅರ್ಧ ಗಂಟೆ ಓಡಿಸಿದರೆ ಮೇಲು ಮೇಲಿನ ಮಸಿ ಉರಿದು ಹೋಗುತ್ತದೆ. ಹೊರಡುವ ಮುಂಚೆ ಕೂಲೆಂಟ್, ಆಯಿಲ್, ಟೈಮಿಂಗ್ ಬೆಲ್ಟ್ ವಯಸ್ಸು ನೋಡಿ. ಒಂದು ವಾರದೊಳಗೆ ಹೊಗೆ ವಾಪಸ್ ಬಂದರೆ ಕಾರಣ ಬೇರೆ.

ನಾಜಲ್ ಸರ್ವಿಸ್ ಮಾಡಿಸ್ಬೇಕಾ, ಹೊಸದೇ ಹಾಕಿಸ್ಬೇಕಾ?

ಮೊದಲು ಟೆಸ್ಟರ್ ಮೇಲೆ ನಿಮ್ಮ ಕಣ್ಣೆದುರೇ ನೋಡಿ. ಕೈಯಿಂದ ಒತ್ತುವ ಸಣ್ಣ ಯಂತ್ರ ಅದು, ಯಾವುದೇ ಡೀಸೆಲ್ ಪಂಪ್ ಅಂಗಡಿಯಲ್ಲಿ ಇರುತ್ತದೆ. ಒಳ್ಳೆಯ ನಾಜಲ್ ಮಂಜಿನಂತೆ ಸಿಂಪಡಿಸುತ್ತದೆ. ಕೆಟ್ಟದ್ದು ಪಿಚಕಾರಿ ಹೊಡೆದಂತೆ ಒಂದೇ ಧಾರೆ ಬಿಡುತ್ತದೆ, ಅಥವಾ ಒಂದು ಪಕ್ಕಕ್ಕೆ ಉಗುಳುತ್ತದೆ. ಇನ್ನೊಂದು ಪರೀಕ್ಷೆಯನ್ನೂ ಕೇಳಿ ಮಾಡಿಸಿ: ತೆರೆಯುವ ಒತ್ತಡಕ್ಕಿಂತ ಸ್ವಲ್ಪ ಕೆಳಗೆ, ಹತ್ತು ಇಪ್ಪತ್ತು ಬಾರ್ ಕಮ್ಮಿ ಇಟ್ಟು, ಹತ್ತು ಸೆಕೆಂಡ್ ಹಿಡಿಯಬೇಕು. ಅಷ್ಟರಲ್ಲಿ ತುದಿಯಿಂದ ಹನಿ ಬೀಳಬಾರದು. ಹನಿಯುವ ನಾಜಲ್‌ನಿಂದ ಕಪ್ಪು ಹೊಗೆಯೂ ಬರುತ್ತದೆ, ನಾಕಿಂಗ್ ಸದ್ದೂ ಬರುತ್ತದೆ. ತುಂಬಾ ದಿನ ಬಿಟ್ಟರೆ ಪಿಸ್ಟನ್ ತೂತಾಗುತ್ತದೆ.

ಹಳೇ ಪಂಪಿನ ಗಾಡಿಗಳಲ್ಲಿ ಹೋಲ್ಡರ್ ಉಳಿಸಿಕೊಂಡು ನಾಜಲ್ ತುದಿ ಮಾತ್ರ ಹೊಸದು ಹಾಕಿ ಒತ್ತಡ ಸರಿಪಡಿಸಬಹುದು. ನನ್ನ ಅಭಿಪ್ರಾಯದಲ್ಲಿ ಅದೇ ಒಳ್ಳೆಯದು. ಉಜ್ಜಿ ತೊಳೆದು ವಾಪಸ್ ಹಾಕಿದ ನಾಜಲ್ ಜಾಸ್ತಿ ದಿನ ನಿಲ್ಲುವುದಿಲ್ಲ. ನಾಲ್ಕನ್ನೂ ಒಟ್ಟಿಗೆ ಹಾಕಿಸಿ, ಒಂದು ಹೊಸದು ಮೂರು ಹಳೆಯದು ಇದ್ದರೆ ಐಡ್ಲಿಂಗ್ ಸಮನಾಗುವುದಿಲ್ಲ. ಕೆಳಗಿನ ವಾಷರ್‌ಗಳನ್ನು ಪ್ರತಿ ಸಲವೂ ಹೊಸದೇ ಹಾಕಬೇಕು. ಹಳೇ ವಾಷರ್ ಬಳಸಿದರೆ ನಾಜಲ್ ಸುತ್ತ "ಚುಫ್ ಚುಫ್" ಸದ್ದು, ಕಪ್ಪು ಅಂಟು ಬರುತ್ತದೆ.

ಈ ವಿಷಯದಲ್ಲಿ ಬೆಂಗಳೂರಿಗರು ಅದೃಷ್ಟವಂತರು. ಆಡುಗೋಡಿಯ ಮೈಕೋ ಕಾರ್ಖಾನೆ ದಶಕಗಟ್ಟಲೆ ಡೀಸೆಲ್ ಪಂಪ್ ಕೆಲಸಕ್ಕೆ ಹೆಸರಾಗಿತ್ತು. 2008ರಲ್ಲಿ ಕಂಪನಿಯ ಹೆಸರು ಬಾಷ್ ಆದ ಮೇಲೂ ಹಳಬರು "ಮೈಕೋ ಪಂಪ್", "ಮೈಕೋ ನಾಜಲ್" ಅಂತಲೇ ಕೇಳುತ್ತಾರೆ. ಜೆ.ಸಿ. ರಸ್ತೆ, ಕಲಾಸಿಪಾಳ್ಯ ಸುತ್ತಮುತ್ತ ಬಿಡಿಭಾಗ ಹುಡುಕುವಾಗ ಹಳೇ ನಾಜಲ್ ಕೈಯಲ್ಲಿ ಹಿಡಿದು ಹೋಗಿ, ಅದರ ಮೇಲಿನ ನಂಬರ್‌ಗೆ ಹೊಂದುವುದನ್ನೇ ತನ್ನಿ. ಬಿಲ್ ಕೊಡದ ಅಂಗಡಿಯಲ್ಲಿ ನಾಜಲ್ ತಗೊಬೇಡಿ. ನಕಲಿ ಮಾಲು ಪ್ಯಾಕಿಂಗ್‌ನಲ್ಲಿ ಅಸಲಿಯಂತೇ ಕಾಣುತ್ತದೆ.

ಕಾಮನ್ ರೈಲ್ ಇಂಜೆಕ್ಟರ್ ಬೇರೆಯದೇ ಕತೆ. ಅದನ್ನು ಪರೀಕ್ಷಿಸಲು ದೊಡ್ಡ ಯಂತ್ರ ಬೇಕು. ಹಲವು ಗಾಡಿಗಳಲ್ಲಿ ಹೊಸ ಇಂಜೆಕ್ಟರ್‌ನ ಕೋಡನ್ನು ಕಂಪ್ಯೂಟರ್‌ಗೆ ತುಂಬಬೇಕು. ತುಂಬದೆ ಹಾಕಿದರೆ ಹೊಸ ಇಂಜೆಕ್ಟರ್ ಇದ್ದೂ ನಡುಕ ಉಳಿಯುತ್ತದೆ.

ಬಂಕ್‌ನಲ್ಲಿ ಸಿಗೋ ಅಡಿಟಿವ್ ಬಾಟಲಿ ಹಾಕಿದ್ರೆ ಸಾಕಾ?

ನಾಜಲ್ ತುದಿಯಲ್ಲಿ ಕೂತ ತೆಳು ಮಸಿಗೆ ಉಪಯೋಗ ಆಗಬಹುದು. ಸವೆದ ಲೋಹವನ್ನು ಯಾವ ಬಾಟಲಿಯೂ ವಾಪಸ್ ತರುವುದಿಲ್ಲ. ಸೀಮೆಎಣ್ಣೆ, ಪೆಟ್ರೋಲ್ ಬೆರೆಸುವ ಸಲಹೆಯನ್ನಂತೂ ಕೇಳಲೇಬೇಡಿ. ಪಂಪ್‌ಗೆ ಜಾರಿಕೆ ಕೊಡುವುದು ಡೀಸೆಲ್ ಒಂದೇ.

ಬಿಎಸ್6 ಡೀಸೆಲ್ ಬಂದ್ಮೇಲೆ ಹಳೇ ಗಾಡಿಗಳು ಹಾಳಾಗ್ತಿವೆ ಅಂತಾರೆ. ನಿಜಾನಾ?

ಬಿಎಸ್ ಅಂದರೆ ಭಾರತ್ ಸ್ಟೇಜ್, ಗಾಡಿಗಳ ಮಾಲಿನ್ಯಕ್ಕೆ ಸರ್ಕಾರ ಇಟ್ಟಿರುವ ಮಿತಿಯ ಹಂತ. ಹೊಗೆಗೆ ಬಿಎಸ್6 ಡೀಸೆಲ್ ಕಾರಣ ಅಲ್ಲ. 2020ರ ಏಪ್ರಿಲ್‌ನಿಂದ ಸಿಗುವ ಡೀಸೆಲ್‌ನಲ್ಲಿ ಗಂಧಕ ಹತ್ತು ಲಕ್ಷಕ್ಕೆ 10 ಪಾಲು ಮಾತ್ರ, ಅದಕ್ಕೂ ಮುಂಚೆ 50 ಇತ್ತು. ಗಂಧಕ ಕಮ್ಮಿಯಾದಷ್ಟೂ ಹೊಗೆಗೆ ಒಳ್ಳೆಯದೇ. ತೊಂದರೆ ಬರುವುದು ಗಟ್ಟಿಯಾದ ಹಳೇ ರಬ್ಬರ್ ಸೀಲ್‌ಗಳಿಗೆ. ಪಂಪ್ ಹೊರಗೆ ಡೀಸೆಲ್ ಜಿನುಗುತ್ತಿದ್ದರೆ ಸೀಲ್ ಕಿಟ್ ಹಾಕಿಸಿ. ಅದಕ್ಕಾಗಿ ಪೂರ್ತಿ ಪಂಪ್ ಬದಲಿಸಬೇಕಿಲ್ಲ.

## ಆಳದ ಕೆಲಸ

ಟೈಮಿಂಗ್ ಬೆಲ್ಟ್ ಹಾಕಿಸಿದ ಮೇಲೆ ಹೊಗೆ ಶುರುವಾಯ್ತು. ಸಂಬಂಧ ಇದೆಯಾ?

ಬೆಲ್ಟ್ ಒಂದು ಹಲ್ಲು ತಪ್ಪಿ ಕೂತಿದ್ದರೆ ಪೂರ್ತಿ ಸಂಬಂಧ ಇದೆ. ಪಂಪ್ ತಡವಾಗಿ ಸಿಂಪಡಿಸಿದರೆ ಬಿಳಿ ಹೊಗೆ, ಮಂಕು ಪಿಕಪ್. ಮುಂಚೆಯೇ ಸಿಂಪಡಿಸಿದರೆ ಕಟಕಟ ನಾಕಿಂಗ್. ಕಿವಿಯಲ್ಲಿ ಕೇಳಿ ಪಂಪ್ ತಿರುಗಿಸಿ ಸರಿಮಾಡುವ ಅಭ್ಯಾಸ ಬಹಳ ಕಡೆ ಇದೆ. ಡಯಲ್ ಗೇಜ್ ಇಟ್ಟು, ಕಂಪನಿ ಹೇಳಿದ ಮಿಲಿಮೀಟರ್‌ಗೆ ಕೂರಿಸುವವರನ್ನು ಹುಡುಕಿ. ವಾಲ್ವ್ ಟೈಮಿಂಗ್ ತಪ್ಪಿದ್ದರೆ ಪಿಸ್ಟನ್‌ಗೆ ವಾಲ್ವ್ ಬಡಿಯುವ ಅಪಾಯ ಇದೆ. ಅನುಮಾನ ಇದ್ದರೆ ಓಡಿಸಬೇಡಿ, ಮಾರ್ಕ್ ಹೊಂದಿದೆಯೇ ಮೊದಲು ನೋಡಿಸಿ.

ನೀಲಿ ಹೊಗೆ ಬರ್ತಿದೆ. ಬೋರ್ ಮಾಡಿಸ್ಲೇಬೇಕಾ?

ಅವಸರ ಬೇಡ. ಬೋರ್ ಅಂದರೆ ಸವೆದ ಸಿಲಿಂಡರ್ ಕೊರೆಸಿ ಸರಿಮಾಡುವ ದೊಡ್ಡ ಕೆಲಸ. ಮೊದಲು ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮೇಲಿನ ಗೆರೆ ದಾಟಿದೆಯೇ ನೋಡಿ. ಜಾಸ್ತಿ ತುಂಬಿದರೂ ನೀಲಿ ಹೊಗೆ ಬರುತ್ತದೆ. ತುಂಬಾ ಹೊತ್ತು ಐಡ್ಲಿಂಗ್‌ನಲ್ಲಿ ನಿಂತು ಹೊರಡುವಾಗ ಮಾತ್ರ ಒಂದು ಕ್ಷಣ ಹೊಗೆ ಬಂದರೆ ವಾಲ್ವ್ ಸೀಲ್ ಕಡೆಗೆ ಅನುಮಾನ. ಟರ್ಬೊ ಹೋಸ್ ಬಿಚ್ಚಿದಾಗ ಒಳಗೆ ಆಯಿಲ್ ಕೊಚ್ಚೆಯಂತೆ ನಿಂತಿದ್ದರೆ ಟರ್ಬೊ ಸೀಲ್. ಯಾವಾಗಲೂ ಬರುತ್ತಿದ್ದು, ಆಯಿಲ್ ತುಂಬುವ ಮುಚ್ಚಳ ತೆಗೆದರೆ ಬುಸುಬುಸು ಗಾಳಿ ಹೊಡೆಯುತ್ತಿದ್ದರೆ ರಿಂಗ್, ಬೋರ್.

ಕೊನೆಯ ತೀರ್ಮಾನ ಕಂಪ್ರೆಷನ್ ಗೇಜ್‌ನದ್ದು. ಡೀಸೆಲ್‌ಗೆ ಬೇರೆ ಗೇಜ್ ಬೇಕು, ಪೆಟ್ರೋಲ್‌ನದ್ದು ತಡೆಯುವುದಿಲ್ಲ. ಬಿಸಿ ಇಂಜಿನ್‌ನಲ್ಲಿ, ಒಳ್ಳೆಯ ಬ್ಯಾಟರಿ ಇಟ್ಟು, ಹೀಟರ್ ಪ್ಲಗ್ ಅಥವಾ ನಾಜಲ್ ತೂತಿನ ಮೂಲಕ ಅಳೆಯುತ್ತಾರೆ. ಆರೋಗ್ಯವಾಗಿರುವ ಹಳೇ ಡೀಸೆಲ್ ಇಂಜಿನ್ ಸುಮಾರು 25ರಿಂದ 30 ಬಾರ್ ತೋರಿಸುತ್ತದೆ. 20ರ ಕೆಳಗೆ ಇಳಿದರೆ ಬೆಳಿಗ್ಗೆ ಸ್ಟಾರ್ಟ್ ಆಗುವುದೇ ಕಷ್ಟ. ನಾಲ್ಕೂ ಸಮನಾಗಿ ಸ್ವಲ್ಪ ಇಳಿದಿದ್ದರೆ ಇನ್ನೂ ಕೆಲ ಕಾಲ ಓಡಿಸಬಹುದು. ಒಂದು ಮಾತ್ರ ತೀರಾ ಕೆಳಗಿದ್ದರೆ ಮೊದಲು ಟ್ಯಾಪೆಟ್ ಗ್ಯಾಪ್ ನೋಡಿಸಿ. ವಾಲ್ವ್ ಪೂರ್ತಿ ಮುಚ್ಚದಿದ್ದರೂ ಹೀಗೇ ತೋರಿಸುತ್ತದೆ, ಆ ಕೆಲಸ ಅರ್ಧ ದಿನದ್ದು.

ಇಂಜಿನ್ ಕಾದ ಮೇಲೂ ಬಿಳಿ ಹೊಗೆ ನಿಲ್ಲಲ್ಲ, ಕೂಲೆಂಟ್ ಕಮ್ಮಿ ಆಗ್ತಿದೆ.

ಹೆಡ್ ಗ್ಯಾಸ್ಕೆಟ್ ಹೋಗಿರಬಹುದು, ಹೆಡ್ ಬಿರುಕು ಬಿಟ್ಟಿರಲೂಬಹುದು. ಆಯಿಲ್ ಹಾಲಿನ ಕಾಫಿ ಬಣ್ಣಕ್ಕೆ ತಿರುಗಿದ್ದರೆ, ತಣ್ಣಗಿರುವಾಗಲೇ ರೇಡಿಯೇಟರ್ ಹೋಸ್ ಗಟ್ಟಿಯಾಗುತ್ತಿದ್ದರೆ, ಕೂಲೆಂಟ್ ಡಬ್ಬಿಯಲ್ಲಿ ಗುಳ್ಳೆ ಏಳುತ್ತಿದ್ದರೆ ಗಾಡಿ ನಿಲ್ಲಿಸಿಬಿಡಿ. ಹೆಡ್ ಇಳಿಸಿದಾಗ ಲೇತ್ ಅಂಗಡಿಯಲ್ಲಿ ಅದು ಸೊಟ್ಟಗಾಗಿದೆಯೇ, ಬಿರುಕು ಇದೆಯೇ ಪರೀಕ್ಷೆ ಮಾಡಿಸದೆ ಬರೀ ಗ್ಯಾಸ್ಕೆಟ್ ಹಾಕಿ ಮುಚ್ಚಲು ಬಿಡಬೇಡಿ.

ಆಕ್ಸಿಲರೇಟರ್ ಬಿಟ್ರೂ ರೇಸ್ ಏರ್ತಾನೇ ಹೋಯ್ತು, ಕೀ ತೆಗೆದ್ರೂ ನಿಲ್ಲಲಿಲ್ಲ ಅಂತ ಕೇಳಿದೀನಿ. ಹಾಗಾಗುತ್ತಾ?

ಆಗುತ್ತದೆ, ಅಪರೂಪಕ್ಕೆ. ಟರ್ಬೊ ಸೀಲ್ ಒಡೆದು ಇಂಜಿನ್ ತನ್ನ ಆಯಿಲನ್ನೇ ಕುಡಿದು ಓಡತೊಡಗುತ್ತದೆ. ಪೆಡಲ್, ಕೀ ಎರಡೂ ಅದಕ್ಕೆ ಲೆಕ್ಕವಿಲ್ಲ. ಮ್ಯಾನುಯಲ್ ಗಾಡಿಯಾದರೆ ಬ್ರೇಕ್ ಗಟ್ಟಿಯಾಗಿ ಒತ್ತಿ ಹಿಡಿದು, ದೊಡ್ಡ ಗೇರ್ ಹಾಕಿ, ಕ್ಲಚ್ ಬಿಟ್ಟು ಇಂಜಿನನ್ನು ಬಂದ್ ಬೀಳಿಸಿ. ಸಾಧ್ಯವಾಗದಿದ್ದರೆ ಎಲ್ಲರನ್ನೂ ಇಳಿಸಿ ದೂರ ಹೋಗಿ. ಗಾಳಿ ಹೋಗುವ ಬಾಯಿಗೆ ಕೈ ಅಡ್ಡ ಇಡಲು ಹೋಗಬೇಡಿ.

ಎಮಿಷನ್ ಟೆಸ್ಟ್‌ನಲ್ಲಿ ಫೇಲ್ ಆಯ್ತು. ಏನು ಮಾಡ್ಬೇಕು?

ಡೀಸೆಲ್ ಗಾಡಿಗೆ ನಿಂತಲ್ಲೇ ಪೂರ್ತಿ ರೇಸ್ ಕೊಟ್ಟು ಹೊಗೆಯ ದಟ್ಟಣೆ ಅಳೆಯುತ್ತಾರೆ. ಬಿಎಸ್4ಕ್ಕಿಂತ ಹಳೆಯ ಗಾಡಿಗೆ ಮಿತಿ 65 ಹಾರ್ಟ್‌ರಿಜ್ (ಹೊಗೆಯ ದಟ್ಟಣೆ ಅಳೆಯುವ ಮಾನ), ಬಿಎಸ್4ಕ್ಕೆ 50. ಇಂಜಿನ್ ತಣ್ಣಗಿರುವಾಗ ಹೋದರೆ ಸರಿ ಇರುವ ಗಾಡಿಯೂ ಜಾಸ್ತಿ ತೋರಿಸಬಹುದು. ಹತ್ತು ಹದಿನೈದು ಕಿಲೋಮೀಟರ್ ಓಡಿಸಿಕೊಂಡು ಹೋಗಿ. ಹೊಸ ಏರ್ ಫಿಲ್ಟರ್, ಹೊಸ ಆಯಿಲ್ ಹಾಕಿ ಮತ್ತೆ ಪರೀಕ್ಷೆ ಮಾಡಿಸಿ. ಅದರಲ್ಲೂ ಫೇಲ್ ಆದರೆ ನಾಜಲ್ ಟೆಸ್ಟರ್‌ಗೆ ಹೋಗುವ ಸಮಯ ಬಂದಿದೆ. ಟೈಮಿಂಗ್ ಬೆಲ್ಟ್ ಹಳೆಯದಾಗಿದ್ದರೆ ಪೂರ್ತಿ ರೇಸ್ ಕೊಡುವಾಗ ಅದು ಕಿತ್ತುಹೋಗುವ ಅಪಾಯ ಇದೆ, ಅದನ್ನು ಮೊದಲೇ ಬದಲಾಯಿಸಿ. ಗಾಡಿ ನೋಡದೆ ದುಡ್ಡಿಗೆ ಸರ್ಟಿಫಿಕೇಟ್ ಬರೆದುಕೊಡುವವರ ಹತ್ತಿರ ಹೋಗಬೇಡಿ. ಟೆಸ್ಟ್‌ನಲ್ಲಿ ಬರುವ ಅಂಕಿಯೇ ನಿಮ್ಮ ರಿಪೇರಿ ಸರಿ ಹೋಯಿತೇ ಎಂದು ಹೇಳುವ ಅಗ್ಗದ ಅಳತೆ. ಪ್ರತಿ ಸಲದ ರಶೀದಿ ಇಟ್ಟುಕೊಂಡು ಅಂಕಿ ಏರುತ್ತಿದೆಯೋ ಇಳಿಯುತ್ತಿದೆಯೋ ನೋಡಿ.

15 ವರ್ಷ ಆಗೋಯ್ತು. ದುಡ್ಡು ಹಾಕ್ಲಾ, ಬಿಟ್ಬಿಡ್ಲಾ?

ಬಾಡಿ ನೋಡಿ ತೀರ್ಮಾನ ಮಾಡಿ. ಇಂಜಿನ್‌ನ ಪ್ರತಿ ಭಾಗಕ್ಕೂ ರಿಪೇರಿ ಇದೆ. ಫ್ಲೋರ್, ಚಾಸಿ ಕೊಳೆತಿದ್ದರೆ ರಿಪೇರಿ ಮಾಡಿಸಿಯೂ ನೆಮ್ಮದಿ ಇರುವುದಿಲ್ಲ. ಆರ್‌ಟಿಒದಲ್ಲಿ ನೋಂದಣಿ ನವೀಕರಣಕ್ಕೆ ಹೋಗುವ ಮುಂಚೆ ಗಾಡಿಯನ್ನು ಲಿಫ್ಟ್ ಮೇಲೆ ಏರಿಸಿ ಕೆಳಗಿನಿಂದ ನೋಡಿಸಿ, ಕಂಪ್ರೆಷನ್ ಅಳೆಸಿ. ಬಾಡಿ ಗಟ್ಟಿ ಇದ್ದು ಕಂಪ್ರೆಷನ್ ನಾಲ್ಕೂ ಕಡೆ ಸಮ ಇದ್ದರೆ ನಾಜಲ್, ಸೀಲ್ ಕಿಟ್, ಹೀಟರ್ ಪ್ಲಗ್‌ಗೆ ಹಾಕುವ ದುಡ್ಡು ವ್ಯರ್ಥವಲ್ಲ. ಬೋರ್ ಕೆಲಸವೂ ಬೇಕು, ಫ್ಲೋರ್ ಕೂಡ ಹೋಗಿದೆ ಅಂದರೆ ನೋಂದಾಯಿತ ಸ್ಕ್ರ್ಯಾಪ್ ಕೇಂದ್ರಕ್ಕೆ ಕೊಟ್ಟು, ಡಿಪಾಸಿಟ್ ಸರ್ಟಿಫಿಕೇಟ್ ಪಡೆದು, ಆರ್‌ಸಿ ರದ್ದಾಗಿದೆಯೇ ಖಾತ್ರಿ ಮಾಡಿಕೊಳ್ಳಿ. ಗುಜರಿಗೆ ಹಾಗೇ ಕೊಟ್ಟರೆ ದಾಖಲೆಯಲ್ಲಿ ಗಾಡಿ ನಿಮ್ಮ ಹೆಸರಲ್ಲೇ ಉಳಿಯುತ್ತದೆ.